ಬಲಗಾಲಿನ ಗೇರು

ಫೆಬ್ರುವರಿ 5, ಸೋಮವಾರ

ಸೇತುವೆ ಮುಚ್ಚಿದ್ದಾರೆ. ನಡುವಿನ ಕಂಬ ಬಿರುಕು ಬಿಟ್ಟಿದೆಯಂತೆ. ಎರಡೂ ತುದಿಗೆ ಸಿಮೆಂಟಿನ ದಿಮ್ಮಿಗಳನ್ನು ಅಡ್ಡ ಇಟ್ಟು ಕಾವಲು ಹಾಕಿದ್ದಾರೆ. ನಡೆದು ಹೋಗುವವರನ್ನೂ ಬಿಡುತ್ತಿಲ್ಲ. ನಮ್ಮ ಮನೆ ಈ ದಡದಲ್ಲಿ, ಆಸ್ಪತ್ರೆ ಆ ದಡದಲ್ಲಿ.

ಬಾಡಿಗೆ ವ್ಯಾನಿನಲ್ಲಿ ಬೆಟ್ಟ ಸುತ್ತಿಕೊಂಡು ಹೋದೆವು. ಅಮ್ಮನ ಡಯಾಲಿಸಿಸ್ ಸರದಿ ಬೆಳಗಿನದು. ನಾವು ತಲುಪುವಾಗ ಊಟದ ಹೊತ್ತು ಮೀರಿತ್ತು. ಯಂತ್ರಕ್ಕೆ ಹಾಕಿದರು, ಅರ್ಧಕ್ಕೇ ತೆಗೆದರು. ಮುಂದಿನ ಸರದಿಯವರು ಬಾಗಿಲಲ್ಲೇ ಕುಳಿತಿದ್ದರು.

ವಾರ್ಡಿನ ಸಿಸ್ಟರ್ ಕೆಟ್ಟವರೇನಲ್ಲ. ಆದರೂ ಎಲ್ಲರೆದುರಿಗೇ ಹೇಳಿದರು: "ನೋಡಮ್ಮಾ, ಇರೋ ಯಂತ್ರ ಕಡಿಮೆ, ಕಾಯ್ತಿರೋರು ಜಾಸ್ತಿ. ಪದೇ ಪದೇ ಹೀಗೆ ತಡ ಆದ್ರೆ ನಿಮ್ಮ ಸರದಿ ಬೇರೆಯವರಿಗೆ ಹೋಗುತ್ತೆ. ಆಮೇಲೆ ನನ್ನ ಬೈಬೇಡಿ."

ನಾನು ಫೈಲನ್ನು ಎದೆಗವಚಿಕೊಂಡು ನಿಂತಿದ್ದೆ. ಹೇಳಬೇಕಾದ ವಾಕ್ಯ ಕರ್ತೃ, ಕರ್ಮ, ಕ್ರಿಯಾಪದ ಸಮೇತ ತಲೆಯಲ್ಲಿ ಸಿದ್ಧವಾಗಿತ್ತು. ಬಾಯಿಗೆ ಬರಲಿಲ್ಲ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು "ಸರಿ ಸಿಸ್ಟರ್" ಎಂದೆ.

ವಾರಕ್ಕೆ ಮೂರು ಸಲ ಹೋಗಲೇಬೇಕು. ಒಂದು ಸಲ ತಪ್ಪಿದರೆ ಅಮ್ಮನ ಮುಖ ಊದುತ್ತದೆ. ಎರಡು ಸಲ ತಪ್ಪಿದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಫೆಬ್ರುವರಿ 7, ಬುಧವಾರ

ಸೇತುವೆಯಿಂದ ಮೇಲಕ್ಕೆ ಕಲ್ಲುಕ್ವಾರಿಯ ಹಳೆಯ ದಾರಿಯೊಂದು ಹೊಳೆಗೆ ಇಳಿಯುತ್ತದೆ. ಅಲ್ಲಿ ನೀರು ಅಗಲವಾಗಿ ತೆಳ್ಳಗೆ ಹರಿಯುತ್ತದೆ, ಮೊಣಕಾಲಿಗೂ ಬರುವುದಿಲ್ಲ. ಎದುರು ದಡ ಹತ್ತಿದರೆ ಆಸ್ಪತ್ರೆಯ ಹಿಂಬದಿ. ಪಕ್ಕದ ಮನೆಯ ಟೀಚರಮ್ಮನ ಸ್ಕೂಟರ್ ಕೇಳಿ ತಂದು ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಇಳಿಯುವಾಗಲೇ ಸ್ಕೂಟರಿನ ಹೊಟ್ಟೆ ಕಲ್ಲಿಗೆ ತಾಗಿತು. ಹೊಳೆಯ ನಡುವೆ ಸೈಲೆನ್ಸರಿಗೆ ನೀರು ನುಗ್ಗಿ ಗುಳುಗುಳು ಎಂದು ನಿಂತೇಬಿಟ್ಟಿತು. ನಾನು ತಳ್ಳುತ್ತಿದ್ದೆ, ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದಳು. ಪ್ರತಿ ಕಲ್ಲಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

ತಡವಾಯಿತು. ಸಿಸ್ಟರ್ ಗಡಿಯಾರ ನೋಡಿದರು, ಅಷ್ಟೇ.

ಫೆಬ್ರುವರಿ 9, ಶುಕ್ರವಾರ

ವ್ಯಾನು. ಬೆಳಕು ಹರಿಯುವ ಮೊದಲೇ ಹೊರಟು ಸರಿಯಾದ ಹೊತ್ತಿಗೆ ತಲುಪಿದೆವು. ಬೆಟ್ಟದ ತಿರುವುಗಳಲ್ಲಿ ಅಮ್ಮ ವಾಂತಿ ಮಾಡಿದಳು. ವ್ಯಾನಿನವನು ಹಿಂದಿರುಗಿ ಬಂದ ಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆದು, "ಬೇಜಾರು ಮಾಡ್ಕೋಬೇಡಿ, ಇನ್ನು ನನ್ನ ಕರೀಬೇಡಿ" ಎಂದನಂತೆ.

ಫೆಬ್ರುವರಿ 10, ಶನಿವಾರ

ಹೊಳೆ ದಾಟುವ ಗಾಡಿ ಬೇಕೆಂದು ಅಪ್ಪನೂ ನಾನೂ ಹಿಂದಿನ ಬೀದಿಯ ರೇಸಜ್ಜನ ಶೆಡ್ಡಿಗೆ ಹೋದೆವು. ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಯೌವನದಲ್ಲಿ ಗುಡ್ಡ ಹತ್ತುವ ಬೈಕ್ ಪಂದ್ಯಗಳಲ್ಲಿ ಓಡಿದವರು. ಗೆದ್ದ ಪಂದ್ಯಗಳು ವಯಸ್ಸಿನ ಜೊತೆಗೆ ಹೆಚ್ಚುತ್ತಲೇ ಇವೆ ಎಂದು ಅಪ್ಪನ ತಮಾಷೆ.

ಗೋಣಿಚೀಲ ಸರಿಸಿದಾಗ ಕಂಡದ್ದು ಬೈಕಿಗಿಂತ ಹೆಚ್ಚಾಗಿ ಬೈಕಿನ ಅಸ್ಥಿಪಂಜರ. ಒಂದೇ ಸಿಲಿಂಡರಿನ ದಪ್ಪ ಎಂಜಿನ್ನು. ಎಮ್ಮೆಯ ಕೊಂಬಿನಷ್ಟು ಅಗಲದ ಹ್ಯಾಂಡಲ್ಲು. ಟೈರುಗಳ ಮೇಲೆ ಗಟ್ಟಿ ಗಟ್ಟಿ ಗುಬುಟುಗಳು. ಹೊಗೆಯ ಕೊಳವೆ ಎಲ್ಲ ಗಾಡಿಗಳಂತೆ ಕೆಳಗಿರದೆ, ಎಂಜಿನ್ನಿನ ಪಕ್ಕದಲ್ಲೇ ಮೇಲೇರಿ ಸೀಟಿನ ಮಟ್ಟಕ್ಕೆ ಹಿಂದೆ ಹೋಗಿದೆ.

"ಸ್ಕ್ರ್ಯಾಂಬ್ಲರ್ ಅಂತಾರೆ ಇದಕ್ಕೆ. ಇಂಗ್ಲೆಂಡಿಂದ ಹಡಗಲ್ಲಿ ಬಂದೋನು ಇವನು" ಎಂದರು ಅಜ್ಜ. "ಹೊಳೆ ಬರ್ಲಿ, ಬಂಡೆ ಬರ್ಲಿ, ಇವನಿಗೆ ಲೆಕ್ಕಾನೇ ಇಲ್ಲ. ಆದ್ರೆ ಓಡ್ಸೋರು ಯಾರಯ್ಯಾ? ನಿನಗಿರೋದು ಒಂದೇ ಕಣ್ಣು."

ಅಪ್ಪ ಗೇಟು, ಕಿಟಕಿ ಸರಳುಗಳನ್ನು ಮಾಡುವವರು. ಬೆಸುಗೆಯ ಕಿಡಿ ಹಾರಿ ಎಡಗಣ್ಣು ಹೋದ ಮೇಲೆ ಗಾಡಿ ಓಡಿಸುವುದು ಬಿಟ್ಟಿದ್ದಾರೆ. ಅವರು ನನ್ನ ಕಡೆ ನೋಡಿದರು.

"ಇವಳಾ!" ಅಜ್ಜನಿಗೆ ನಗು ತಡೆಯಲಾಗಲಿಲ್ಲ. "ತನ್ನ ಹೆಸರು ಹೇಳೋಕೆ ಅರ್ಧ ದಿನ ತಗೋತಾಳಲ್ಲೋ ಇವಳು! ಏನಮ್ಮಾ, ಬೇರೆ ಗೇರ್ ಗಾಡಿ ಓಡ್ಸಿದ್ದೀಯಾ?"

ತಲೆಯಾಡಿಸಿದೆ, ಇಲ್ಲ ಎಂದು.

"ಒಳ್ಳೇದೇ ಆಯ್ತು. ಇವನಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಗಾಡಿಗೆಲ್ಲ ಉಲ್ಟಾ. ಬೇರೆ ಕಲಿತೋರು ಹತ್ತಿದ್ರೆ ನೇರ ಚರಂಡಿಗೇ."

ಅಜ್ಜನ ಮನೆಯ ಮುಂದಿನ ಗೇಟು ತುಕ್ಕು ಹಿಡಿದು ನೇತಾಡುತ್ತಿತ್ತು. ಹೊಸ ಗೇಟಿಗೆ ಬದಲಾಗಿ ಬೈಕು ಎಂದು ಮಾತಾಯಿತು. ಅಪ್ಪ ಸಂಜೆಯೇ ಬೈಕಿನ ಹಿಂಬದಿಗೆ ಹಲಗೆ ಬಿಗಿದು, ಸ್ಪಂಜು ಹೊದಿಸಿ ಅಮ್ಮನಿಗೊಂದು ಸೀಟು ಮಾಡಿದರು. ಕಾಲಿಡಲು ಎರಡು ಕಬ್ಬಿಣದ ತುಂಡು. ಬಿಸಿ ಕೊಳವೆ ತಾಗದಂತೆ ತಗಡಿನ ಮರೆ. ಯಾರನ್ನೂ ಏನೂ ಕೇಳಲಿಲ್ಲ. ಕೆಲಸ ಹಿಡಿದರೆ ಅಪ್ಪನಿಗೆ ಮಾತು ಬೇಡ.

ಫೆಬ್ರುವರಿ 11, ಭಾನುವಾರ

ಚಾಲೂ ಮಾಡುವುದೇ ಒಂದು ವಿದ್ಯೆ. ಕಾರ್ಬ್ಯುರೇಟರಿನ ಗುಂಡಿಯನ್ನು ಪೆಟ್ರೋಲು ಬೆರಳಿಗೆ ತಾಗುವವರೆಗೆ ಒತ್ತಬೇಕು. ಹ್ಯಾಂಡಲಿನ ಎಡಕ್ಕಿರುವ ಸಣ್ಣ ಲಿವರಿನಿಂದ ಕಿಡಿಯನ್ನು ಹಿಂದಕ್ಕೆ ಹಾಕಬೇಕು, ಅಂದರೆ ಅದು ತುಸು ತಡವಾಗಿ ಹಾರುವಂತೆ. ಕಿಕ್ಕನ್ನು ಮೆಲ್ಲಗೆ ಅದುಮುತ್ತ ಪಿಸ್ಟನ್ನು ಬಿಗಿಯಾಗುವ ಜಾಗ ಹುಡುಕಿ, ಅದನ್ನು ಕೂದಲೆಳೆಯಷ್ಟು ದಾಟಿಸಿ, ಆಮೇಲೆ ಒದೆಯಬೇಕು. ಕಿಡಿಯ ಲಿವರ್ ಮರೆತೆ. ಕಿಕ್ಕು ತಿರುಗಿ ಹೊಡೆದು ಮೊಣಕಾಲಿನ ಕೆಳಗೆ ಊದಿಕೊಂಡಿದೆ.

"ಅಂಜಿಕೊಂಡು ಒದ್ರೆ ಅವನೇ ವಾಪಸ್ ಒದೀತಾನೆ!" ಎಂದು ಅಜ್ಜ ಗೋಡೆಯ ಮೇಲೆ ಕುಳಿತು ಕೂಗುತ್ತಿದ್ದರು. ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಸಂಜೆ ಬ್ರೇಕು ಒತ್ತಲು ಹೋಗಿ ಗೇರು ಒತ್ತಿ, ಗೋಡೆಗೆ ಒರಗಿಸಿದ್ದ ಅಪ್ಪನ ಗೇಟುಗಳಿಗೆ ಗುದ್ದಿದೆ. ಒಂದರ ಮೇಲೊಂದು ಬಿದ್ದು ಬೀದಿಯೆಲ್ಲ ಗಣಗಣ. ಅಮ್ಮ ಬಾಗಿಲಿಗೆ ಬಂದು, "ಸದ್ಯ, ಗೇಟು ಗಟ್ಟಿ ಇದ್ಯಾ ಅಂತ ಇವತ್ತಾದ್ರೂ ಗೊತ್ತಾಯ್ತು" ಎಂದಳು.

ನಾಳೆ ಸೋಮವಾರ. ಬೇರೆ ದಾರಿಯಿಲ್ಲ.

ಫೆಬ್ರುವರಿ 12, ಸೋಮವಾರ

ತಲುಪಿದೆವು.

ಹೊಳೆಯ ನಡುವೆ ನನಗೆ ಅಳು ಬಂದಿತ್ತು. ಅಮ್ಮನಿಗೆ ತಿಳಿದಿರಲಿಕ್ಕಿಲ್ಲ.

ಫೆಬ್ರುವರಿ 14, ಬುಧವಾರ

ತಲುಪಿದೆವು. ಎಂಜಿನ್ನು ಎರಡು ಕಡೆ ನಿಂತಿತು.

ಫೆಬ್ರುವರಿ 23, ಶುಕ್ರವಾರ

ಬಹಳ ದಿನ ಬರೆಯಲಿಲ್ಲ. ಬೆಳಿಗ್ಗೆ ಬೈಕು, ಆಮೇಲೆ ಕಾರಿಡಾರು, ಮತ್ತೆ ಬೈಕು. ಉಳಿದ ದಿನಗಳಲ್ಲಿ ಸಡಿಲವಾದ ನಟ್ಟುಗಳನ್ನು ಬಿಗಿಯುವುದು. ಇವನಿಗೆ ಎಣ್ಣೆ ಕುಡಿಯುವುದಕ್ಕಿಂತ ಉಗುಳುವುದರಲ್ಲೇ ಆಸಕ್ತಿ. ನಿಂತಲ್ಲೆಲ್ಲ ಒಂದು ಕಪ್ಪು ಬೊಟ್ಟು.

ಅಮ್ಮ ಎಡಗೈಯನ್ನು ಎದೆಗೆ ಒತ್ತಿಕೊಂಡು ಕೂರುತ್ತಾಳೆ. ಆ ಕೈಯಲ್ಲೇ ಡಾಕ್ಟರು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುವುದು. ಸೂಜಿ ಚುಚ್ಚುವುದು ಅಲ್ಲೇ. ಮುಟ್ಟಿದರೆ ಒಳಗೆ ಜುಂಯ್ ಎನ್ನುತ್ತದೆ. ಜುಂಯ್ ಎನ್ನುತ್ತಿರುವವರೆಗೆ ಭಯವಿಲ್ಲ, ನಿಂತರೆ ಕೂಡಲೇ ಬನ್ನಿ ಎಂದು ಸಿಸ್ಟರ್ ಹೇಳಿದ್ದಾರೆ. ಬಲಗೈಯಲ್ಲಿ ಅಮ್ಮ ನನ್ನ ಅಂಗಿ ಹಿಡಿದಿರುತ್ತಾಳೆ. ಏರಿನಲ್ಲಿ ಕಾಲರು ಗಂಟಲಿಗೆ ಒತ್ತುತ್ತದೆ.

ಇವತ್ತು ಕ್ವಾರಿಯ ತಿರುವಿನಲ್ಲಿ ಜಲ್ಲಿ ಲಾರಿಯೊಂದು ದಾರಿಗೆ ಅಡ್ಡ ನಿಂತಿತ್ತು. ಚಾಲಕ ಕೆಳಗಿಳಿದು ಯಾರೊಂದಿಗೋ ಹರಟುತ್ತಿದ್ದ. "ಏನ್ರೀ, ಗಾಡಿ ತೆಗೀರಿ! ಪೇಷಂಟ್ ಇದಾರೆ, ಕಾಣಲ್ವಾ?" ಎಂದೆ. ತೆಗೆದ.

"ಅದು ಯಾರ ಗಂಟಲೇ?" ಎಂದು ಹಿಂದಿನಿಂದ ಅಮ್ಮ.

ಧೂಳಿಗೆ ಗಂಟಲು ಕಟ್ಟಿತ್ತು. ಅದಕ್ಕೇ ಹಾಗೆ ದೊಡ್ಡದಾಗಿ ಬಂದಿರಬೇಕು.

ಮಾರ್ಚ್ 1, ಶುಕ್ರವಾರ

ಒಂದು ವಿಚಿತ್ರ. ಇಡೀ ಇಳಿಜಾರು ಇಳಿದು ಹೊಳೆ ದಾಟಿದ ಮೇಲೆ, ಕಾಲುಗಳ ಬಗ್ಗೆ ಒಂದು ಸಲವೂ ಯೋಚಿಸಲಿಲ್ಲವಲ್ಲ ಎಂದು ಹೊಳೆಯಿತು. ಎಡಗಾಲು ತಾನಾಗಿ ತಡೆಯುತ್ತದೆ, ಬಲಗಾಲು ತಾನಾಗಿ ಗೇರು ಬದಲಿಸುತ್ತದೆ. ಕಂಠಪಾಠವಾದ ಪದ್ಯದ ಹಾಗೆ.

ಆದರೆ ಅಮ್ಮ ಹಗುರಾಗುತ್ತಿದ್ದಾಳೆ. ಬೈಕಿಗೆ ಮೊದಲು ಗೊತ್ತಾಯಿತು. ಹಿಂದಿನ ಸ್ಪ್ರಿಂಗು ಮೊದಲಿನಷ್ಟು ತಗ್ಗುವುದಿಲ್ಲ.

ಮಾರ್ಚ್ 3, ಭಾನುವಾರ

ಬೆಳಿಗ್ಗೆ ಎದ್ದಾಗ ಬೈಕು ಅಪ್ಪನ ಕೆಲಸದ ಕೊಟ್ಟಿಗೆಯಲ್ಲಿತ್ತು. ಅಪ್ಪ ಎಣ್ಣೆ ಕೈ ಒರೆಸುತ್ತ, ಮುಖವೆಲ್ಲ ನಗುವಾಗಿ ನಿಂತಿದ್ದರು.

"ಬಾ ಮಗಾ, ನೋಡು ಬಾ."

ಎಂಜಿನ್ನಿನ ಕೆಳಗೆ ಈ ಬದಿಯಿಂದ ಆ ಬದಿಗೆ ಎರಡು ಸರಳು ಹಾಯಿಸಿ, ಪೆಡಲುಗಳನ್ನು ಅದಲುಬದಲು ಮಾಡಿದ್ದರು. ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಬೆಸುಗೆ ಎಷ್ಟು ನುಣುಪಾಗಿತ್ತೆಂದರೆ ಹುಟ್ಟಿನಿಂದಲೇ ಹಾಗಿತ್ತು ಎನ್ನಬೇಕು.

"ಲೋಕದ ಗಾಡಿಗೆಲ್ಲ ಗೇರು ಎಡಗಡೆ, ಇದೊಂದಕ್ಕೆ ಮಾತ್ರ ಬಲಗಡೆ. ನಿನ್ನ ಕಾಲು ಊದಿರೋದು ನೋಡೋಕಾಗ್ತಿರ್ಲಿಲ್ಲ. ಇನ್ಮೇಲೆ ಕಷ್ಟ ಇಲ್ಲ."

ಅಪ್ಪ ಹಳೆಯ ಕಾಲದಲ್ಲಿ ಓಡಿಸಿದ ಗಾಡಿಗಳೆಲ್ಲ ಹಾಗಿದ್ದವು. ಅವರ ಕಾಲಿಗೆ ಇದೇ ಸರಿ. ನನ್ನ ಕಾಲಿನ ಊತ ಇಳಿದು ಎಷ್ಟೋ ದಿನವಾಯಿತು. ಬೀದಿಯಲ್ಲಿ ಒಂದು ಸುತ್ತು ಹಾಕಿದೆ. ಮೂರು ಸಲ ತಪ್ಪಿದೆ.

"ರೂಢಿ ಆಗುತ್ತೆ, ರೂಢಿ ಆಗುತ್ತೆ" ಎಂದರು. ಒಂಟಿ ಕಣ್ಣು ಕೆಂಪಾಗಿತ್ತು; ನಿದ್ದೆ ಬಿಟ್ಟು ಮಾಡಿದ್ದರು. ಬೇಡ, ಮೊದಲಿನಂತೆ ಮಾಡಿಕೊಡಿ ಎನ್ನಬೇಕೆಂದುಕೊಂಡೆ.

"ಚೆನ್ನಾಗಿದೆ ಅಪ್ಪ" ಎಂದೆ.

ಮಾರ್ಚ್ 4, ಸೋಮವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಕಿರುಚಿಕೊಳ್ಳುತ್ತೇನೆ ಎನಿಸುತ್ತಿದೆ.

ಬೀದಿಯಲ್ಲಿ ಸರಿಯಾಗೇ ಓಡಿಸಿದೆ. ಮನಸ್ಸಿನಲ್ಲೇ ಬಲ ಬ್ರೇಕು, ಬಲ ಬ್ರೇಕು ಎಂದುಕೊಳ್ಳುತ್ತಿದ್ದೆ. ಹೊಳೆಗಿಳಿಯುವ ಕೊನೆಯ ತಿರುವಿನಲ್ಲಿ ಒಂದು ಕಲ್ಲು ಉರುಳಿತು. ಎಡಗಾಲು ತಾನಾಗಿ ತುಳಿಯಿತು. ಅಲ್ಲಿ ಈಗ ಬ್ರೇಕಿಲ್ಲ. ನಿಲ್ಲಬೇಕಾದ ಬೈಕು ಮೇಲಿನ ಗೇರಿಗೆ ಹಾರಿ, ಹಗ್ಗ ಬಿಚ್ಚಿದ ಹೋರಿಯಂತೆ ಇಳಿಜಾರಿಗೆ ನುಗ್ಗಿತು. ಗಾಬರಿಯಲ್ಲಿ ಕೈಬ್ರೇಕು ಹಿಡಿದೆ. ಮುಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು.

ಕಣ್ಣು ಬಿಟ್ಟಾಗ ಎಂಜಿನ್ನು ಇನ್ನೂ ಬಡಿದುಕೊಳ್ಳುತ್ತಿತ್ತು. ಅಮ್ಮ ನೀರಿನ ಅಂಚಿನಲ್ಲಿ ಎಡ ಮಗ್ಗುಲಾಗಿ ಬಿದ್ದಿದ್ದಳು. ಕೈ ಅಡಿಯಲ್ಲಿತ್ತು.

ಎಬ್ಬಿಸಿ ಕೂರಿಸಿದೆ. ಹಣೆ ತರಚಿತ್ತು, ಬೇರೆಲ್ಲೂ ರಕ್ತವಿರಲಿಲ್ಲ. "ಏನಿಲ್ಲ, ಏನಿಲ್ಲ" ಎನ್ನುತ್ತಿದ್ದಳು. ತೋಳಿನ ಮೇಲೆ ಬೆರಳಿಟ್ಟೆ. ಜುಂಯ್ ಇಲ್ಲ. ಜಾಗ ಬದಲಿಸಿದೆ. ಕಿವಿಯಿಟ್ಟೆ. ಹೊಳೆಯ ಸದ್ದೊಂದೇ ಕೇಳುತ್ತಿತ್ತು.

"ಇದ್ಯಾ?" ಎಂದಳು ಅಮ್ಮ.

ಬೈಕನ್ನು ಎತ್ತಿ ನಿಲ್ಲಿಸಿದೆ. "ಬೈಕು ಹತ್ತು ಅಮ್ಮ."

"ಇದ್ಯೇನೇ?"

"ಹತ್ತು ಅಂದೆನಲ್ಲ! ಬ್ರೇಕು ಬಲಗಾಲಿಗಿದೆ. ನಾನು ಮರೀತೀನಿ. ಇಳಿಜಾರು ಬಂದಾಗೆಲ್ಲ ಬಲ ಅಂತ ಕೂಗು."

ಅಮ್ಮ ಕೂಗಿದಳು. ಉಸಿರಿಲ್ಲದವಳು ನನ್ನ ಬೆನ್ನಿಗೆ ಬಾಯಿ ಹಚ್ಚಿ "ಬಲ! ಬಲ!" ಎಂದು ಕೂಗುತ್ತಲೇ ಇದ್ದಳು. ಸಪಾಟಾದ ಕಡೆಯಲ್ಲೂ ನಿಲ್ಲಿಸಲಿಲ್ಲ. ನಾನೂ ಕೂಗುತ್ತಿದ್ದೆ, ಏನೆಂದು ನೆನಪಿಲ್ಲ. ಆಸ್ಪತ್ರೆಯ ಕಾವಲಿನವನು ಗೇಟಿನಿಂದ ಪಕ್ಕಕ್ಕೆ ಹಾರಿದ.

ಈಗ ಒಳಗಿದ್ದಾಳೆ. ರಕ್ತ ಹೆಪ್ಪುಗಟ್ಟಿದೆಯಂತೆ. ತೆಗೆಯಲು ನೋಡುತ್ತಿದ್ದಾರೆ.

ಮಾರ್ಚ್ 5, ಮಂಗಳವಾರ

ಆಗಲಿಲ್ಲ. ಆ ಕೈ ಮುಗಿಯಿತು. ಕುತ್ತಿಗೆಯ ಬುಡದಲ್ಲಿ ರಂಧ್ರ ಮಾಡಿ ಪ್ಲಾಸ್ಟಿಕ್ ನಳಿಗೆ ಇಳಿಸಿ, ಅದರಿಂದಲೇ ಯಂತ್ರಕ್ಕೆ ಹಾಕಿದರು. ಇನ್ನೊಂದು ಕೈಗೆ ಆಪರೇಷನ್ ಮಾಡಿ ಅದು ಹದಕ್ಕೆ ಬರುವವರೆಗೆ ಹೀಗೇ.

ವ್ಯಾನಿನವನು ಅಪ್ಪನ ಮುಖ ನೋಡಿ ಒಂದು ಸಲಕ್ಕೆ ಒಪ್ಪಿ ಬಂದಿದ್ದ. ಅಮ್ಮನನ್ನು ಮನೆಗೆ ಕರೆತಂದೆವು. ನಾನು ಬೈಕು ತಂದೆ, ಒಬ್ಬಳೇ, ಒಂದನೇ ಗೇರಿನಲ್ಲೇ.

ಮಾರ್ಚ್ 6, ಬುಧವಾರ

ಅಮ್ಮ ಹೊರಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, "ಇವತ್ತು ಬೇಡ" ಎಂದಳು. ಅಪ್ಪ ಬಾಗಿಲಲ್ಲಿ ನಿಂತು, "ಏನೇ, ಹೀಗಂದ್ರೆ ಹೇಗೆ" ಎಂದರು.

ಮಾರ್ಚ್ 7, ಗುರುವಾರ

ಅಮ್ಮನ ಕಣ್ಣಿನ ರೆಪ್ಪೆಗಳು ಊದಿವೆ. ಎರಡು ದಿಂಬು ಒರಗಿಸಿಕೊಂಡರೂ ಉಸಿರು ಸಾಲುತ್ತಿಲ್ಲ.

ಅಪ್ಪ ಬೈಕನ್ನು ರೇಸಜ್ಜನ ಮನೆಗೆ ತಳ್ಳಿಕೊಂಡು ಹೊರಟಿದ್ದರು. ವಾಪಸು ಕೊಡಲು. ಬೀದಿಯ ತಿರುವಿನಲ್ಲಿ ಹೋಗಿ ಹ್ಯಾಂಡಲ್ಲು ಹಿಡಿದೆ.

"ಬಿಡು ಮಗಾ. ಇದರ ಸಹವಾಸ ಸಾಕು."

"ಬೈಕಿಂದ ಆಗಿದ್ದಲ್ಲ ಅಪ್ಪ. ನೀವು ಪೆಡಲು ಬದಲಾಯಿಸಿದ್ರಿ. ನನ್ನ ಕೇಳಲಿಲ್ಲ. ನನಗೆ ಬೇಡ ಅನ್ಸಿತ್ತು, ನಾನು ಹೇಳಲಿಲ್ಲ. ಮೊದಲಿನ ಹಾಗೇ ಮಾಡಿಕೊಡಿ. ಇವತ್ತೇ."

ಅಪ್ಪ ಒಂದು ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೈಕನ್ನು ಕೊಟ್ಟಿಗೆಗೆ ತಿರುಗಿಸಿದರು. ಸಂಜೆಯವರೆಗೂ ಕಬ್ಬಿಣ ಕೊಯ್ಯುವ ಸದ್ದು. ಊಟಕ್ಕೆ ಬರಲಿಲ್ಲ. ತಟ್ಟೆ ಅಲ್ಲಿಗೇ ಒಯ್ದೆ. ಅವರು ಕೊಯ್ದ ಸರಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ತಟ್ಟೆ ಕೆಳಗಿಟ್ಟು ಪಕ್ಕದಲ್ಲಿ ಕುಳಿತೆ.

ಮಾರ್ಚ್ 8, ಶುಕ್ರವಾರ

ಬೆಳಿಗ್ಗೆ ಬೈಕನ್ನು ಬಾಗಿಲಿಗೆ ತಂದು ಚಾಲೂ ಮಾಡಿದೆ. ಒಂದೇ ಒದೆತಕ್ಕೆ ಹತ್ತಿತು. ಎಂಜಿನ್ನನ್ನು ಚಾಲೂ ಇಟ್ಟು ಒಳಗೆ ಹೋದೆ.

ಅಮ್ಮ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಪಾದಗಳು ಉಬ್ಬಿ ಹೊಳೆಯುತ್ತಿದ್ದವು. ಎತ್ತಿಕೊಂಡಾದರೂ ಹೋಗುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ. ನೆಲದ ಮೇಲೆ ಕುಳಿತೆ.

"ಅಮ್ಮ, ನೀನೇ ಹೇಳು. ಹೋಗೋದಾ, ಬೇಡ್ವಾ? ಬೇಡ ಅಂದ್ರೆ ಎಂಜಿನ್ನು ಆರಿಸಿ ಬರ್ತೀನಿ. ಇಲ್ಲೇ ನಿನ್ನ ಹತ್ರ ಕೂತಿರ್ತೀನಿ."

ಹೊರಗೆ ಎಂಜಿನ್ನು ಒಂದು ಬಡಿತ ತಪ್ಪಿಸಿತು. ನಿಂತೇಹೋಗುತ್ತದೆ ಎಂದುಕೊಂಡೆ. ಎದ್ದು ಹೋಗಲಿಲ್ಲ.

"ನೀರಿಗೆ ನಾನು ಹೆದರಲ್ಲ" ಎಂದಳು ಅಮ್ಮ. ಪ್ರತಿ ಮಾತಿಗೂ ಉಸಿರು ತೆಗೆದುಕೊಳ್ಳಬೇಕಿತ್ತು. "ಸೂಜಿಗೂ ಹೆದರಲ್ಲ. ನನಗೆ ಹಿಡ್ಕೊಳ್ಳೋಕೆ ಏನೂ ಇಲ್ವಲ್ಲೇ ಅದರಲ್ಲಿ."

ನನಗೆ ಅರ್ಥವಾಗಲಿಲ್ಲ.

"ನಿನ್ನ ಅಂಗಿ ಹಿಡ್ಕೊಂಡ್ರೆ ನಿನ್ನ ಕುತ್ತಿಗೆ ಬಿಗಿಯುತ್ತೆ. ಬಿಟ್ರೆ ನಾನು ಬೀಳ್ತೀನಿ. ಹೋಗ್ತಾ ಬರ್ತಾ ಅದೇ ಯೋಚನೆ. ಅಪ್ಪ ಸೀಟು ಮಾಡಿದ್ರು, ಪೆಡಲು ಮಾಡಿದ್ರು. ನೀನು ಅಷ್ಟು ಚೆನ್ನಾಗಿ ಓಡ್ಸೋಕೆ ಕಲಿತೆ. ನನ್ನ ಒಂದು ಮಾತು ಯಾರು ಕೇಳಿದ್ರಿ?"

ಅಪ್ಪ ಬಾಗಿಲಲ್ಲಿದ್ದರು. ಊರಿನ ಅರ್ಧ ಮನೆಗಳಿಗೆ ಗೇಟು, ಗೇಟಿಗೆ ಹಿಡಿ ಮಾಡಿಕೊಟ್ಟ ಮನುಷ್ಯ. ತಿರುಗಿ ಕೊಟ್ಟಿಗೆಗೆ ಓಡಿದರು. ಅವರು ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನಾನು ಹೋಗಿ ಎಂಜಿನ್ನು ಆರಿಸಿದೆ.

ಅಮ್ಮನನ್ನು ಬೈಕಿನ ಮೇಲೆ ಕೂರಿಸಿ, ಒಂದು ಗೇಟಿನ ಹಿಡಿಯನ್ನು ಸೀಟಿನ ಪಕ್ಕಕ್ಕೆ ಆನಿಸಿ ಹಿಡಿದರು.

"ಇಷ್ಟು ಎತ್ತರ ಸಾಕಾ?"

"ಕೆಳಗೆ."

"ಇಷ್ಟು?"

"ಇನ್ನೂ ಕೆಳಗೆ. ಹಾಂ. ಸ್ವಲ್ಪ ಹಿಂದೆ."

ಅಪ್ಪ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅಮ್ಮನನ್ನು ಇಳಿಸಿ, ಬೆಸೆದು, ನೀರು ಹಾಕಿ ತಣಿಸಿದರು. ಸದ್ದಿಗೋ, ವಾಸನೆಗೋ ರೇಸಜ್ಜ ಬಂದು ನಿಂತಿದ್ದರು.

ತಡವಾಗಿತ್ತು. ಸರದಿ ಇರುತ್ತದೋ ಇಲ್ಲವೋ ತಿಳಿಯದು. ಇರದಿದ್ದರೆ ಯಂತ್ರದ ಕೋಣೆಯ ಬಾಗಿಲಲ್ಲಿ ಕೂರುವುದು, ಹಾಕಿದ ಮೇಲೆಯೇ ಏಳುವುದು ಎಂದುಕೊಂಡೆ. ಕುತ್ತಿಗೆಯ ನಳಿಗೆಗೆ ಧೂಳು ತಾಗದಂತೆ ಅಮ್ಮ ಶುಭ್ರ ಬಟ್ಟೆ ಸುತ್ತಿಕೊಂಡಳು. ಹೊರಟೆವು.

ಕ್ವಾರಿ ದಾಟಿ ಇಳಿಜಾರು ಶುರುವಾಯಿತು. ಬೆನ್ನ ಹಿಂದೆ ಏನೋ ಇಲ್ಲವೆನಿಸಿತು. ಕಾಲರು ಗಂಟಲಿಗೆ ಒತ್ತುತ್ತಿರಲಿಲ್ಲ. ಅಂಗಿ ಗಾಳಿಗೆ ಪಟಪಟ ಹಾರುತ್ತಿತ್ತು. ಅಮ್ಮ ಬಿದ್ದೇಹೋದಳು ಎಂದುಕೊಂಡು ತಿರುಗಿ ನೋಡಿದೆ.

ಊದಿದ ಕಣ್ಣುಗಳನ್ನು ಅರೆತೆರೆದು, ಬಲಗೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದು, ನೆಟ್ಟಗೆ ಕುಳಿತಿದ್ದಳು.

"ಮುಂದೆ ನೋಡ್ಕೊಂಡ್ ಓಡ್ಸೇ" ಎಂದಳು.